ನಮ್ಮನೆಯವರ ಕಾರ್ಡು

ಇಪ್ಪತ್ತಮೂರು ವರ್ಷದಿಂದ ನಾನು ಸಾವಿನ ಕಾರ್ಡು ಟೈಪು ಮಾಡುತ್ತಿದ್ದೇನೆ. ಮದುವೆಯದ್ದೂ ಮಾಡುತ್ತೇನೆ, ಗೃಹಪ್ರವೇಶದ್ದೂ ಮಾಡುತ್ತೇನೆ. ಆದರೆ ಯಾರಾದರೂ ಏನು ಕೆಲಸ ಎಂದು ಕೇಳಿದರೆ ನನ್ನ ಬಾಯಿಗೆ ಮೊದಲು ಬರುವುದು ಸಾವಿನ ಕಾರ್ಡೇ. ನನ್ನ ಸ್ವಭಾವ ಅಂಥದ್ದು, ಅದಕ್ಕೆ ನಾನು ಯಾರ ಮೇಲೂ ತಪ್ಪು ಹೊರಿಸುವುದಿಲ್ಲ.

ಚಾಮರಾಜಪೇಟೆಯಲ್ಲಿ ನಮ್ಮ ಅಂಗಡಿ. ಮುಂದುಗಡೆ ಗಾಜಿನ ಕಪಾಟಿನಲ್ಲಿ ಮಿರುಗುವ ಗಣಪತಿಗಳ ಮದುವೆ ಕಾರ್ಡು. ಹಿಂದೆ ಹಲಗೆಯ ಗೋಡೆಯಾಚೆ ನನ್ನ ಕಂಪ್ಯೂಟರು, ಒಂದು ಸಣ್ಣ ಪ್ರಿಂಟಿಂಗ್ ಮೆಷಿನ್ನು, ಸದ್ದು ಹೆಚ್ಚು ಗಾಳಿ ಕಡಿಮೆ ಇರುವ ಒಂದು ಫ್ಯಾನು. ಅಂಗಡಿಯಲ್ಲಿ ನಾನು ಮತ್ತು ಮಾಲೀಕರು ಇಬ್ಬರೇ. ಮಾಲೀಕರಿಗೆ ಎಪ್ಪತ್ತು ದಾಟಿದೆ. ಬೈಯುವುದು ಗೊತ್ತಿಲ್ಲದ ಮನುಷ್ಯ, ಆ ಕೆಲಸವನ್ನೂ ಅವರ ಪರವಾಗಿ ನಾನೇ ಮಾಡುತ್ತೇನೆ.

ಮದುವೆ ಕಾರ್ಡಿಗೆ ಅವಸರವಿರುವುದಿಲ್ಲ. ಹುಡುಗಿಯ ಚಿಕ್ಕಪ್ಪ ಬಂದು ತನ್ನ ಹೆಸರು ಕೆಳಗಿದೆ ಎಂದು ಮುಖ ಊದಿಸಿಕೊಳ್ಳುತ್ತಾನೆ, ನಾಲ್ಕು ಸಲ ತಿದ್ದುತ್ತೇವೆ. ಸಾವಿನ ಕಾರ್ಡು ಹಾಗಲ್ಲ. ಬೆಳಗ್ಗೆ ಬಂದವರಿಗೆ ಸಂಜೆಯೊಳಗೆ ಕೈಗೆ ಕೊಡಬೇಕು. ಹಾಗಾಗಿ ಅದನ್ನು ಯಾರೂ ಹೊಸದಾಗಿ ಟೈಪು ಮಾಡುವುದಿಲ್ಲ. ಹಿಂದಿನ ಕಾರ್ಡಿನ ಫೈಲು ತೆಗೆದು ಅದರ ಮೇಲೆಯೇ ಹೆಸರು, ದಿನ, ಫೋಟೋ ಬದಲಿಸುತ್ತೇವೆ. ಇದರ ಜೊತೆಗೆ ಮಾಲೀಕರದ್ದೇ ಒಂದು ಪದ್ಧತಿಯಿದೆ. ಸಾವಿನ ಮನೆಗೆ ಒಂದೇ ಸಲ ಫೋನು ಮಾಡಬೇಕು. ಎತ್ತಿದರೆ ಸರಿ, ಎತ್ತದಿದ್ದರೆ ನಮಗೆ ಗೊತ್ತಿರುವಷ್ಟರಲ್ಲೇ ಮುಗಿಸಬೇಕು. "ಅಳ್ತಿರೋರನ್ನ ಎರಡ್ಸಲ ಕರೀಬಾರ್ದಮ್ಮ" ಎನ್ನುತ್ತಾರೆ.

ಈ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟದ್ದು ಫೋಟೋ. ಸತ್ತವರ ಒಳ್ಳೆಯ ಫೋಟೋ ಯಾರ ಹತ್ತಿರವೂ ಇರುವುದಿಲ್ಲ. ಯಾರದೋ ಆರತಕ್ಷತೆಯ ಗುಂಪಿನಿಂದ ಒಂದು ಮುಖ ಕತ್ತರಿಸಿ ಕೊಡುತ್ತಾರೆ. ಪಕ್ಕದವರ ಭುಜ, ಹಿಂದಿನವರ ಜಡೆ ಅದರೊಳಗೇ ಉಳಿದಿರುತ್ತದೆ. ಅದನ್ನೆಲ್ಲ ನಾನು ಒರೆಸಿ ತೆಗೆದು, ಹಿಂದೆ ತಿಳಿನೀಲಿ ಬಣ್ಣ ತುಂಬುತ್ತೇನೆ. ವರ್ಷಗಟ್ಟಲೆ ಇದನ್ನೇ ಮಾಡಿ ನನಗೊಂದು ರೋಗ ಹತ್ತಿಕೊಂಡಿತು. ನಮ್ಮನೆಯವರ ಫೋಟೋ ತೆಗೆಯುವಾಗೆಲ್ಲ ಮನಸ್ಸು ಒಂದೇ ಲೆಕ್ಕ ಹಾಕುತ್ತಿತ್ತು: ಮುಖ ನೇರವಾಗಿದೆ, ಹಿಂದೆ ಗೋಡೆ ಖಾಲಿ ಇದೆ, ಇದು ಆಗುತ್ತದೆ. ಯಾವುದಕ್ಕೆ ಆಗುತ್ತದೆ ಎಂದು ಬಾಯಿಬಿಟ್ಟು ಹೇಳಿಕೊಳ್ಳುತ್ತಿರಲಿಲ್ಲ, ಅಷ್ಟೇ. ಅವರು ಲಾಲ್‌ಬಾಗಿನಲ್ಲಿ ನಗುತ್ತಾ ನಿಂತಿದ್ದರೆ ನಾನು ಅವರ ಹಿಂದಿದ್ದ ಮರವನ್ನು ಹೇಗೆ ಅಳಿಸಬೇಕು ಎಂದು ಯೋಚಿಸುತ್ತಿದ್ದೆ.

ಅವರು ಹತ್ತು ನಿಮಿಷ ತಡವಾಗಿ ಬಂದರೂ ನನ್ನ ತಲೆಯಲ್ಲಿ ಕಾರ್ಡಿನ ಸಾಲುಗಳು ಜೋಡಣೆಯಾಗುತ್ತಿದ್ದವು. ನಮ್ಮದು ಲಿಂಗ ಕಟ್ಟುವ ಮನೆತನ, ಹಾಗಾಗಿ "ಲಿಂಗೈಕ್ಯರಾದರೆಂದು ತಿಳಿಸಲು ವಿಷಾದಿಸುತ್ತೇವೆ" ಎಂದು ಶುರುವಾಗಿ ಶಿವಗಣಾರಾಧನೆಯ ಊಟಕ್ಕೆ ಕರೆಯುವಲ್ಲಿಗೆ ಮುಗಿಯುತ್ತಿತ್ತು. ಅಷ್ಟರಲ್ಲಿ ತ್ಯಾಗರಾಜನಗರದ ನಮ್ಮ ಗೇಟು ಕಿರ್ರೆನ್ನುತ್ತಿತ್ತು. ಅವರು ಒಳಗೆ ಬಂದರೆ ಸಂತೋಷಪಡುವುದು ಬಿಟ್ಟು ಎಲ್ಲಿ ಹಾಳಾಗಿಹೋಗಿದ್ದಿರಿ ಎಂದು ರೇಗುತ್ತಿದ್ದೆ. ಅವರು ಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ಸೇಲ್ಸ್‌ಮ್ಯಾನ್. ದಿನವಿಡೀ ಸೀರೆ ಬಿಚ್ಚಿ ತೋರಿಸಿ, ಮಡಿಸಿಟ್ಟು ಬರುವವರಿಗೆ ಜಗಳವಾಡಲು ತ್ರಾಣವಿರುತ್ತಿರಲಿಲ್ಲ. ನಗುತ್ತಾ ಕಾಲು ತೊಳೆಯಲು ಹೋಗುತ್ತಿದ್ದರು.

ಹೋದ ವರ್ಷ ಅವರಿಗೆ ನಿಜವಾಗಿಯೇ ಉಬ್ಬಸ ಶುರುವಾಯಿತು. ಅಂಗಡಿಯ ಮೇಲಿನ ಮಹಡಿಗೆ ಹತ್ತುವಾಗ ನಡುವೆ ನಿಲ್ಲುತ್ತಾರೆ ಎಂದು ಅವರ ಜೊತೆಯವರೊಬ್ಬರು ಹೇಳಿದರು. ಪರೀಕ್ಷೆ ಮಾಡಿಸಿದೆವು. ಹೃದಯಕ್ಕೆ ಹೋಗುವ ಮೂರು ರಕ್ತನಾಳ ಕಟ್ಟಿಕೊಂಡಿವೆ, ಬೈಪಾಸ್ ಆಗಬೇಕು ಎಂದರು ಡಾಕ್ಟರು. ಡಾಕ್ಟರು ಮಾತಾಡುತ್ತಿದ್ದಾಗ ನಾನು ಅವರ ಕಡೆ ನೋಡಲೇ ಇಲ್ಲ, ನಮ್ಮನೆಯವರ ಮುಖವನ್ನೇ ನೋಡುತ್ತಿದ್ದೆ. ನಮ್ಮನೆಯವರು ಒಮ್ಮೆ ನನ್ನ ಕಡೆ ತಿರುಗಿದರು, ಮರುಕ್ಷಣವೇ ಎದ್ದು ನಿಂತು "ಯೋಚನೆ ಮಾಡಿ ಹೇಳ್ತೀವಿ ಸಾರ್" ಎಂದು ಹೊರಟುಬಿಟ್ಟರು.

ಯೋಚನೆ ಎರಡು ತಿಂಗಳು ನಡೆಯಿತು. ನಾನು ಬೇಡಿಕೊಂಡೆ, ರೇಗಿದೆ, ಎರಡು ಹೊತ್ತು ಊಟ ಬಿಟ್ಟು ಕೂತೆ. ಕೊನೆಗೆ ಒಂದು ಬೆಳಗ್ಗೆ ತಿಂಡಿಯ ತಟ್ಟೆ ಪಕ್ಕಕ್ಕೆ ಸರಿಸಿ ಅವರು ಹೇಳಿದರು: "ಆಪರೇಷನ್ನಿಗೆ ಹೆದರಿಕೆ ಇಲ್ಲ ಕಣೆ. ನಿನ್ನ ಮುಖ ನೋಡಿದ್ರೆ ನಾನಾಗ್ಲೇ ಹೋಗ್ಬಿಟ್ಟಿದೀನಿ ಅನ್ಸುತ್ತೆ. ಆ ಮುಖ ನೋಡ್ಕೊಂಡು ನಾನು ಟೇಬಲ್ ಮೇಲೆ ಮಲಗಲ್ಲ."

ಅವರ ಜೀವ ಉಳಿಯಬೇಕಾದರೆ ನನ್ನ ತಲೆ ಸರಿಯಾಗಬೇಕಿತ್ತು. ಬೇರೆ ಯಾರದ್ದೂ ಅಲ್ಲ, ನನ್ನದು. ನಮಗೆ ಮಕ್ಕಳಿಲ್ಲ, ಬುದ್ಧಿ ಹೇಳಲು ಹಿರಿಯರೂ ಉಳಿದಿಲ್ಲ.

ವೈಯಾಲಿಕಾವಲ್‌ನಲ್ಲಿ ಒಬ್ಬ ಆಪ್ತಸಲಹೆಗಾರ್ತಿ ಇದ್ದಾರೆ ಎಂದು ನಮ್ಮ ಅಂಗಡಿಗೆ ಬರುವ ಗಿರಾಕಿಯೊಬ್ಬರು ಹೇಳಿದ್ದರು. ಶನಿವಾರ ಮಧ್ಯಾಹ್ನ ರಜೆ ಹಾಕಿ ಮೆಟ್ರೋದಲ್ಲಿ ಸಂಪಿಗೆ ರಸ್ತೆಗೆ ಹೋಗಿ ಇಳಿದು, ಅಲ್ಲಿಂದ ನಡೆದು ಹೋದೆ. ಆಕೆಗೆ ನನ್ನ ಅರ್ಧ ವಯಸ್ಸಿರಬಹುದು. ಇವಳೇನು ನನಗೆ ಹೇಳಿಕೊಡುವುದು ಎಂದು ಮೂಗು ಮುರಿದುಕೊಂಡೇ ಕೂತೆ. ಒಳ್ಳೆಯದನ್ನೇ ಯೋಚಿಸಿ, ನಗುನಗುತ್ತಾ ಇರಿ ಎಂದು ಶುರು ಮಾಡಿದರೆ ಎದ್ದು ಬರುವುದೆಂದು ತೀರ್ಮಾನಿಸಿದ್ದೆ. ಆಕೆ ಹಾಗೆ ಹೇಳಲಿಲ್ಲ.

"ಕೆಟ್ಟ ಯೋಚನೆ ಬಂದ್ರೆ ಓಡಿಸ್ಬೇಡಿ. ಅದು ಏನ್ ಹೇಳುತ್ತೋ ಪೂರ್ತಿ ಬರೀರಿ. ಆಮೇಲೆ ಅದರ ಪಕ್ಕದಲ್ಲಿ ಇನ್ನೊಂದು ಸಾಲು ಬರೀರಿ. ಸುಳ್ಳು ಸಮಾಧಾನ ಬೇಡ. ಅಷ್ಟೇ ನಿಜ ಆಗಬಹುದಾದ ಇನ್ನೊಂದು ಸಾಲು."

"ಬರೆದ್ರೆ ಏನಾಗುತ್ತೆ?" ಎಂದೆ.

"ಈಗ ನಿಮ್ಮ ತಲೇಲಿ ಒಂದೇ ಸಾಲಿದೆ. ಆಗ ಎರಡಾಗುತ್ತೆ" ಎಂದಳು. ಅಷ್ಟು ಸಣ್ಣ ಮಾತಿಗೆ ಇಷ್ಟು ದೂರ ಬರಬೇಕಿತ್ತೇ ಎಂದು ಮೆಟ್ಟಿಲಿಳಿಯುವಾಗ ಗೊಣಗಿಕೊಂಡೆ. ಆದರೂ ಆ ಮಾತು ನನ್ನ ಜೊತೆಯಲ್ಲೇ ಮನೆಗೆ ಬಂತು.

ಮನೆಯಲ್ಲಿ ನೋಟುಪುಸ್ತಕ ಹಿಡಿದು ಕೂತರೆ ಕೈ ಓಡಲಿಲ್ಲ. ನನ್ನ ಬೆರಳಿಗೆ ಕೀಬೋರ್ಡಿಲ್ಲದೆ ಯೋಚಿಸಲು ಬರುವುದಿಲ್ಲ. ಮುಂದಿನ ಬುಧವಾರ ಮಾಲೀಕರು ಮಧ್ಯಾಹ್ನದ ಊಟಕ್ಕೆ ಹೋದಾಗ ಅಂಗಡಿಯ ಕಂಪ್ಯೂಟರಿನಲ್ಲೇ ಶುರು ಮಾಡಿದೆ. ಕೆಟ್ಟ ಯೋಚನೆಯನ್ನು ಪೂರ್ತಿ ಬರೆಯಬೇಕಲ್ಲವೇ? ನನ್ನ ಕೆಟ್ಟ ಯೋಚನೆಗೆ ಇದ್ದದ್ದು ಒಂದೇ ರೂಪ. ಹಿಂದಿನ ವಾರದ ಕಾರ್ಡೊಂದನ್ನು ತೆಗೆದೆ. ಹೆಸರಿನ ಜಾಗದಲ್ಲಿ ನಮ್ಮನೆಯವರ ಹೆಸರು ಹಾಕಿದೆ. ನನ್ನ ಮೊಬೈಲಿನಿಂದ ಅವರ ಫೋಟೋ ತಂದು, ಹಿಂದಿದ್ದದ್ದನ್ನು ಒರೆಸಿ ತಿಳಿನೀಲಿ ತುಂಬಿದೆ. ದಿನಾಂಕದ ಜಾಗ ಖಾಲಿ ಬಿಟ್ಟೆ. ಕೊನೆಯಲ್ಲಿ ದುಃಖತಪ್ತರು ಎಂಬಲ್ಲಿ ನನ್ನ ಹೆಸರು ಹಾಕಿದೆ.

ಮೈ ಬೆವೆತಿತ್ತು. ಆದರೆ ಹೇಳಿದರೆ ಯಾರೂ ನಂಬಲಾರರು, ಹಗುರವೂ ಆಯಿತು. ಅಷ್ಟು ವರ್ಷ ತಲೆಯೊಳಗೆ ಸುತ್ತುತ್ತಿದ್ದದ್ದು ಈಗ ಎದುರಿಗೆ ಕೂತಿತ್ತು, ಅಂಗೈಯಗಲದ ಒಂದು ಕಾರ್ಡಾಗಿ. ಇನ್ನು ಎರಡನೆಯ ಸಾಲು. ಕರ್ಸರ್ ಮಿನುಗುತ್ತಾ ನಿಂತಿತು. ಆಪರೇಷನ್ ಆಗಿ ಅವರು ಚೆನ್ನಾಗಿರುತ್ತಾರೆ ಎಂದು ಬರೆದು ಅಳಿಸಿದೆ. ಇನ್ನೂ ಇಪ್ಪತ್ತು ವರ್ಷ ಎಂದು ಬರೆದು ಅದನ್ನೂ ಅಳಿಸಿದೆ. ಯಾವುದೂ ನಿಜವೆನಿಸಲಿಲ್ಲ. ಅಷ್ಟರಲ್ಲಿ ಹೊರಗೆ ಮಾಲೀಕರ ಕೆಮ್ಮು ಕೇಳಿತು. ಇಪ್ಪತ್ತಮೂರು ವರ್ಷದ ಅಭ್ಯಾಸ, ಕೈ ತಾನಾಗಿಯೇ ಫೈಲನ್ನು ಸೇವ್ ಮಾಡಿ ಮುಚ್ಚಿತು.

ಮಾರನೆಯ ಬೆಳಗ್ಗೆ ನಮ್ಮನೆಯವರು ಸ್ನಾನದ ಮನೆಯಿಂದ ಬರುತ್ತಾ ಬಾಗಿಲ ಚೌಕಟ್ಟು ಹಿಡಿದು ಹಾಗೇ ಕುಸಿದು ಕೂತರು. ಮುಖ ಬೂದಿಯಂತಾಗಿತ್ತು. ಪಕ್ಕದ ಮನೆಯವರು ಆಟೋ ತಂದರು. ಆಟೋದಿಂದಲೇ ಮಾಲೀಕರಿಗೆ ಫೋನು ಮಾಡಿ "ನಮ್ಮನೆಯವ್ರಿಗೆ..." ಎಂದೆ, ಮುಂದೆ ಮಾತು ಬರಲಿಲ್ಲ, ಅತ್ತುಬಿಟ್ಟೆ. ಆಮೇಲೆ ಇವತ್ತು ಬರಲ್ಲ ಎಂದಷ್ಟೇ ಹೇಳಿ ಇಟ್ಟೆ. ಆಸ್ಪತ್ರೆಯಲ್ಲಿ ಒಳಗೆ ಹೋಗುವಾಗ ಇಬ್ಬರ ಫೋನನ್ನೂ ಆರಿಸಿ ಚೀಲಕ್ಕೆ ಹಾಕಿಕೊಂಡೆ. ಮಧ್ಯಾಹ್ನದವರೆಗೆ ಇಟ್ಟುಕೊಂಡು ಚುಚ್ಚುಮದ್ದು ಕೊಟ್ಟರು. ಈ ಸಲ ತಪ್ಪಿತು, ಇನ್ನು ಈ ವಾರ ದಾಟಿಸಬೇಡಿ ಎಂದು ಡಾಕ್ಟರು ಗಟ್ಟಿಯಾಗಿಯೇ ಹೇಳಿದರು. ನಮ್ಮನೆಯವರು ನನ್ನ ಮುಖ ನೋಡಿ, ನೋಡೋಣ ಎಂದರು. ನನಗೆ ಆ ಕ್ಷಣ ನನ್ನ ಮುಖವನ್ನು ಕಿತ್ತು ಎಸೆಯಬೇಕೆನಿಸಿತು. ನಾಲ್ಕು ಗಂಟೆಗೆ ಮನೆಗೆ ಬಂದೆವು. ಫೋನು ಚೀಲದಲ್ಲೇ ಸತ್ತು ಬಿದ್ದಿತ್ತು, ನೆನಪೇ ಆಗಲಿಲ್ಲ.

ಐದೂವರೆಗೆ ಗೇಟು ಸದ್ದಾಯಿತು. ನಾನು ಅಡುಗೆಮನೆಯಲ್ಲಿ ಗಂಜಿ ತಿರುವುತ್ತಿದ್ದೆ. ನಮ್ಮನೆಯವರೇ ನಿಧಾನವಾಗಿ ಎದ್ದು ಹೋಗಿ ಬಾಗಿಲು ತೆಗೆದರು. ಆಮೇಲೆ ಅವರ ದನಿ ಕೇಳಿತು: "ಬನ್ನಿ ಸಾರ್, ಒಳಗ್ ಬನ್ನಿ. ಯಾರ್ ಹೋದ್ರು?"

ಸೌಟು ಹಿಡಿದುಕೊಂಡೇ ಹೊರಗೆ ಬಂದೆ. ಹೊಸ್ತಿಲಾಚೆ ನಮ್ಮ ಮಾಲೀಕರು ನಿಂತಿದ್ದರು. ಚಪ್ಪಲಿಯನ್ನು ಗೇಟಿನ ಹೊರಗೇ ಬಿಟ್ಟಿದ್ದರು, ಸಾವಿನ ಮನೆಗೆ ಬಂದವರು ಬಿಡುವ ಹಾಗೆ. ಒಂದು ಕೈಯಲ್ಲಿ ಸುಗಂಧರಾಜದ ದೊಡ್ಡ ಹಾರ. ಇನ್ನೊಂದು ಕೈಯಲ್ಲಿ ನ್ಯೂಸ್‌ಪೇಪರಿನಲ್ಲಿ ಸುತ್ತಿ ದಾರ ಕಟ್ಟಿದ ಒಂದು ಕಟ್ಟು. ಆ ಕಟ್ಟಿನ ಅಳತೆ ನನಗೆ ದೂರದಿಂದಲೇ ಗೊತ್ತಾಗುತ್ತದೆ. ನೂರು ಕಾರ್ಡು.

ಮಾಲೀಕರ ಕಣ್ಣು ನಮ್ಮನೆಯವರ ಮೇಲೇ ನೆಟ್ಟಿತ್ತು. ನಮ್ಮನೆಯವರು, ಅವರ ಸ್ವಭಾವವೇ ಹಾಗೆ, ವಯಸ್ಸಾದವರ ಕೈಯಲ್ಲಿ ಭಾರವಿರಬಾರದೆಂದು ಕಟ್ಟನ್ನು ತಾವೇ ಇಸಿದುಕೊಂಡರು. ದಾರ ಸಡಿಲವಾಗಿ ಮೇಲಿನದೊಂದು ಜಾರಿ ನೆಲಕ್ಕೆ ಬಿತ್ತು. ನಾನು ಓಡಿ ಬರುವಷ್ಟರಲ್ಲಿ ಅವರು ಬಗ್ಗಿ ಎತ್ತಿಕೊಂಡಿದ್ದರು.

ನಡೆದದ್ದಿಷ್ಟು. ಬೆಳಗ್ಗೆ ಅಂಗಡಿಗೆ ಯಾವುದೋ ಅವಸರದ ಸಾವಿನ ಕಾರ್ಡು ಬಂದಿದೆ. ಮಾಲೀಕರೇ ಕಂಪ್ಯೂಟರಿನ ಮುಂದೆ ಕೂತು, ನಮ್ಮ ಪದ್ಧತಿಯಂತೆ ಎಲ್ಲಕ್ಕಿಂತ ಈಚಿನ ಕಾರ್ಡಿನ ಫೈಲು ತೆಗೆದಿದ್ದಾರೆ. ಎದುರಿಗೆ ನಮ್ಮನೆಯವರ ಫೋಟೋ. ನಾನು ಫೋನಿನಲ್ಲಿ ಅತ್ತಿದ್ದು ಆಗಷ್ಟೇ. ಡಾಕ್ಟರು ಕೈಬಿಟ್ಟಿದ್ದರೆಂದು ಕಾಣುತ್ತದೆ, ಪಾಪ, ಬೇರೆಯವರ ಕೈಯಲ್ಲಿ ಮಾಡಿಸಲಾರದೆ ತಾನೇ ಮೊದಲೇ ಟೈಪು ಮಾಡಿಟ್ಟಿದ್ದಾಳೆ ಎಂದುಕೊಂಡರು. ನನಗೆ ಒಂದು ಸಲ ಫೋನು ಮಾಡಿದರು, ಸ್ವಿಚ್ ಆಫ್ ಬಂತು. ಎರಡನೆಯ ಸಲ ಮಾಡುವವರಲ್ಲ ಅವರು. ಇವತ್ತಿನ ದಿನಾಂಕ ಹಾಕಿ, ಹನ್ನೊಂದನೆಯ ದಿನಕ್ಕೆ ಶಿವಗಣಾರಾಧನೆ ಎಂದು ತುಂಬಿ, ತಮ್ಮ ಕೈಯಾರೆ ಅಚ್ಚು ಹಾಕಿ, ಕತ್ತರಿಸಿ, ಕಟ್ಟಿ ತಂದಿದ್ದರು.

"ತಪ್ಪಾಯ್ತಮ್ಮ" ಎನ್ನುತ್ತಾ ಆ ಮನುಷ್ಯ ನಮ್ಮ ಜಗಲಿಯ ಮೇಲೆ ಕೂತು ಚಿಕ್ಕ ಮಗುವಿನ ಹಾಗೆ ಅತ್ತರು. ನಮ್ಮನೆಯವರು ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದು ಮೇಲಿನಿಂದ ಕೆಳಗಿನವರೆಗೆ ಓದುತ್ತಿದ್ದರು. ತಾವು ಸತ್ತ ದಿನ, ತಮ್ಮ ತಿಥಿಯ ಊಟ, ಎಲ್ಲವನ್ನೂ. ನಾನು ಬದುಕಿನಲ್ಲಿ ಬರೆದ ಯಾವ ಕಾರ್ಡನ್ನೂ ಯಾರೂ ಅಷ್ಟು ನಿಧಾನವಾಗಿ ಓದಿರಲಿಲ್ಲ.

"ಇದನ್ನ ಟೈಪ್ ಮಾಡಿದ್ದು ನೀನಾ?"

"ಹೂಂ" ಎಂದೆ. ಸಲಹೆಗಾರ್ತಿಯ ಬಳಿ ಹೋಗಿದ್ದು, ಎರಡು ಸಾಲಿನ ವಿಷಯ, ಎಲ್ಲವನ್ನೂ ತೊದಲುತ್ತಾ ಹೇಳಿದೆ. ಎರಡನೆಯ ಸಾಲು ಎಲ್ಲಿ ಎಂದು ಕೇಳಿದರು. ಏನೂ ಹೊಳೆಯಲಿಲ್ಲ ಎಂದೆ. ಅವರು ಕಾರ್ಡು ಹಿಡಿದುಕೊಂಡೇ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಮಾಲೀಕರು ಉಳಿದ ಕಾರ್ಡುಗಳನ್ನು ಸುಡುತ್ತೇನೆಂದು ತೆಗೆದುಕೊಂಡು ಹೋದರು. ಹಾರ ಬಿಟ್ಟುಹೋಗಿದ್ದರು. ಬದುಕಿರುವವರಿಗೆಂದು ತಂದ ಸಾವಿನ ಹಾರವನ್ನು ಏನು ಮಾಡಬೇಕು? ದೇವರಿಗೆ ಹಾಕುವಂತಿಲ್ಲ, ಕಸದ ಬುಟ್ಟಿಗೆ ಹಾಕಲು ಕೈ ಬರುವುದಿಲ್ಲ. ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ಬೀದಿಯ ಹೊಂಗೆಮರದ ಬುಡದಲ್ಲಿ ಇಟ್ಟು ಬಂದೆ. ಮನೆಯ ತುಂಬ ಅದರ ವಾಸನೆ ಉಳಿದಿತ್ತು. ಒಳಕೋಣೆಯಿಂದ ಒಂದು ಸದ್ದೂ ಇಲ್ಲ. ನಾನು ಬಾಗಿಲಿಗೆ ಕಿವಿಯಿಟ್ಟು ಅವರ ಉಸಿರು ಕೇಳಿಸುತ್ತದೆಯೇ ಎಂದು ನಿಂತೆ. ಕೊಂದೆ, ನಾನೇ ಕೊಂದೆ ಎಂದುಕೊಂಡೆ.

ದೀಪ ಹಚ್ಚುವ ಹೊತ್ತಿಗೆ ಅವರು ಹೊರಗೆ ಬಂದರು. ಕುರ್ಚಿ ಎಳೆದು ಕೂತು ಕಾರ್ಡನ್ನು ಮೇಜಿನ ಮೇಲಿಟ್ಟರು. ನಾನು ಬೈಗುಳಕ್ಕೆ ಸಿದ್ಧಳಾಗಿದ್ದೆ. ಅವರು ಬೆರಳನ್ನು ಕಾರ್ಡಿನ ಕೊನೆಯಲ್ಲಿಟ್ಟು "ಇಲ್ಲಿ ನಿನ್ನ ಹೆಸರೊಂದೇ ಇದೆಯಲ್ಲೇ" ಎಂದರು.

"ಇನ್ಯಾರಿದಾರೆ ಹಾಕೋಕೆ?"

ಅವರು ತಲೆಯಾಡಿಸಿದರು. "ನಾನು ಹೋಗೋದನ್ನ ಮಾತ್ರ ಯೋಚ್ನೆ ಮಾಡಿದ್ದೆ. ಈ ಮನೇಲಿ ನೀನೊಬ್ಳೇ ಕೂತಿರೋದು ನನ್ನ ಕಣ್ಣಿಗೇ ಬಂದಿರ್ಲಿಲ್ಲ ನೋಡು." ಕಾರ್ಡನ್ನು ಮಗುಚಿಟ್ಟು ಹೇಳಿದರು: "ಬೆಳಗ್ಗೆ ಡಾಕ್ಟರಿಗೆ ಫೋನ್ ಮಾಡು. ಮಾಡಿಸ್ಕೋತೀನಿ. ಆದ್ರೆ ಒಂದು ಮಾತು. ಅಲ್ಲಿ ನನ್ನ ಹಾಗ್ ನೋಡ್ಬಾರ್ದು ನೀನು."

"ಹೇಗೆ?"

"ಫೋಟೋ ತೆಗೆಯುವಾಗ ನೋಡ್ತೀಯಲ್ಲ, ಹಾಗೆ."

ಅವರಿಗೆ ಗೊತ್ತಿತ್ತು. ಎಷ್ಟೋ ವರ್ಷದಿಂದ ಗೊತ್ತಿತ್ತು. ಗೊತ್ತಿದ್ದೂ ಪ್ರತಿ ಸಲ ನಾನು ಮೊಬೈಲು ಎತ್ತಿದಾಗ ನಗುತ್ತಾ ನಿಂತಿದ್ದರು. ನನಗೆ ನಾಚಿಕೆಯಾಯಿತು, ಅಳು ಬಂತು, ಇಷ್ಟು ದಿನ ಹೇಳದೆ ಇದ್ದದ್ದಕ್ಕೆ ಅವರ ಮೇಲೆ ಸಿಟ್ಟೂ ಬಂತು. ಗಂಜಿ ಸೀದಿತ್ತು. ಅದನ್ನೇ ಇಬ್ಬರೂ ಕುಡಿದೆವು.

ನಾಲ್ಕು ದಿನ ಬಿಟ್ಟು ಆಪರೇಷನ್ ಎಂದು ನಿಗದಿಯಾಯಿತು. ಒಳಗೆ ಕರೆದೊಯ್ಯುವ ಮೊದಲು ನರ್ಸು ಬಂದು ಮೈಮೇಲೆ ಉಂಗುರ, ದಾರ, ಏನೂ ಇರಬಾರದು ಎಂದಳು. ನಮ್ಮನೆಯವರು ಕೊರಳಿಗೆ ಕೈ ಹಾಕಿದರು. ನಮ್ಮಲ್ಲಿ ಹುಟ್ಟಿದ ಮಗುವಿಗೆ ಕಟ್ಟಿದ ಲಿಂಗ ಮತ್ತೆ ಮೈ ಬಿಡುವುದಿಲ್ಲ. ಕೊನೆಗೆ ಮಣ್ಣಿಗೂ ಜೊತೆಯಲ್ಲೇ ಇಳಿಯುತ್ತದೆ. ಅದು ಅವರ ಕೊರಳಿಂದ ಈಚೆ ಬಂದದ್ದನ್ನು ಮೂವತ್ತು ವರ್ಷದ ಸಂಸಾರದಲ್ಲಿ ನಾನು ನೋಡಿದ್ದು ಪೂಜೆಯ ಹೊತ್ತಿನಲ್ಲಿ ಮಾತ್ರ, ಅದೂ ಅವರದೇ ಅಂಗೈಯ ಮೇಲೆ. ಅವರು ದಾರ ಬಿಚ್ಚಿ, ಸಣ್ಣ ಬೆಳ್ಳಿಯ ಕರಡಿಗೆ ಸಮೇತ ಲಿಂಗವನ್ನು ನನ್ನ ಅಂಗೈಯಲ್ಲಿಟ್ಟು, ನನ್ನ ಬೆರಳುಗಳನ್ನು ಒಂದೊಂದಾಗಿ ಮಡಿಸಿದರು.

"ಕೆಳಗಿಡ್ಬೇಡ. ಬಂದು ಇಸ್ಕೋತೀನಿ" ಎಂದರು. ಗಾಲಿ ಮಂಚ ತಿರುಗಿತು, ಬಾಗಿಲು ಮುಚ್ಚಿತು.

ಹೊರಗೆ ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೆ. ಮುಷ್ಟಿ ಬಿಗಿಹಿಡಿದು ಕೂತೆ. ಒಂದು ಗಂಟೆಗೆ ಮಾಲೀಕರು ಬಂದು ಕಾಫಿ ತಂದುಕೊಟ್ಟರು, ಎಡಗೈಯಲ್ಲಿ ಕುಡಿದೆ. ಬಾಗಿಲ ಮೇಲಿನ ಕೆಂಪು ದೀಪ ಉರಿಯುತ್ತಲೇ ಇತ್ತು. ನಮಗಿಂತ ಆಮೇಲೆ ಒಳಗೆ ಹೋದವರೊಬ್ಬರ ಮನೆಯವರನ್ನು ಡಾಕ್ಟರು ಪಕ್ಕಕ್ಕೆ ಕರೆದು ಮಾತಾಡಿದರು, ಆ ಹೆಂಗಸು ಗೋಡೆಗೆ ಒರಗಿ ಜಾರಿ ಕೂತಳು. ನನ್ನ ತಲೆಯಲ್ಲಿ ಕಾರ್ಡು ಶುರುವಾಯಿತು. ಲಿಂಗೈಕ್ಯರಾದರೆಂದು. ಓಡಿಸಲಿಲ್ಲ. ಪೂರ್ತಿ ಓದಿದೆ, ಕೊನೆಯ ನನ್ನ ಹೆಸರಿನವರೆಗೆ. ಆಮೇಲೆ ಅದರ ಪಕ್ಕದಲ್ಲಿ ಅವರ ಮಾತನ್ನಿಟ್ಟೆ: ಬಂದು ಇಸ್ಕೋತಾರೆ. ಇದು ನಾನು ಕಟ್ಟಿದ ಸಾಲಲ್ಲ. ಅಲ್ಲಿವರೆಗೆ ನಾನು ಕಟ್ಟಿದ್ದೆಲ್ಲ ಸುಳ್ಳು ಸಮಾಧಾನವೇ ಆಗಿತ್ತು. ಇದನ್ನು ಅವರು ಆಸ್ಪತ್ರೆಯ ಹಸಿರು ಗೌನಿನಲ್ಲಿ, ನನ್ನ ಕಣ್ಣು ನೋಡಿಯೇ ಹೇಳಿದ್ದರು. ಹಾಗಾಗಿ ಅಳಿಸಲು ಆಗಲಿಲ್ಲ.

ಕಾರ್ಡು ಮತ್ತೆ ಬಂತು, ಮತ್ತೆ ಸಾಲು ಇಟ್ಟೆ. ಎಷ್ಟು ಸಲವೋ. ಯಾವುದು ನಿಜವೆಂದು ನನಗೆ ಗೊತ್ತಿರಲಿಲ್ಲ. ಎರಡೂ ಆಗಬಹುದಿತ್ತು. ಮೊದಲು ಒಂದೇ ಇತ್ತು, ಈಗ ಎರಡಿದ್ದವು, ಅಷ್ಟೇ ವ್ಯತ್ಯಾಸ. ಆದರೆ ಆ ಅಷ್ಟರಲ್ಲಿ ನಾನು ಕುರ್ಚಿಯಲ್ಲಿ ಕೂತಿರಲು ಸಾಧ್ಯವಾಯಿತು.

ಸಂಜೆ ಡಾಕ್ಟರು ಬಂದು ಮುಗಿದಿದೆ, ಎಚ್ಚರವಾಗಬೇಕು, ಬೆಳಗಿನವರೆಗೆ ಏನೂ ಹೇಳಲಾಗದು ಎಂದರು. ಮಾಲೀಕರು ಮನೆಗೆ ಹೋಗಿ ಮಲಗಿ ಬಾ ಎಂದರು. ಹೋಗಲಿಲ್ಲ. ಲಿಂಗವನ್ನು ನನ್ನ ಕೊರಳಿಗೆ ಕಟ್ಟಿಕೊಳ್ಳಬಹುದಿತ್ತು, ನನ್ನದೂ ಅಲ್ಲೇ ಇದೆ. ಕಟ್ಟಿಕೊಳ್ಳಲಿಲ್ಲ. ಕೈಗೆ ಕೊಟ್ಟದ್ದು ಕೈಯಲ್ಲೇ ಇರಲಿ ಎಂದು ಹಟ ಹಿಡಿದೆ.

ಬೆಳಗ್ಗೆ ಏಳೂವರೆಗೆ ನನ್ನೊಬ್ಬಳನ್ನೇ ಒಳಗೆ ಬಿಟ್ಟರು. ಮಂಚದ ಸುತ್ತ ನಳಿಗೆಗಳು, ಮಿನುಗುವ ಅಂಕಿಗಳು, ಅದರ ನಡುವೆ ಕುಗ್ಗಿಹೋದ ಅವರು. ಬಾಯಿಂದ ನಳಿಗೆ ತೆಗೆದು ಆಗಷ್ಟೇ ಅರ್ಧ ಗಂಟೆಯಾಗಿತ್ತಂತೆ. ಮುಖ ಬೆಳ್ಳಗೆ ಬಿಳಿಚಿಕೊಂಡಿತ್ತು, ಕಣ್ಣು ಮುಚ್ಚಿತ್ತು. ಹೇಗೆ ನೋಡಬಾರದೆಂದು ಹೇಳಿದ್ದರೋ ಹಾಗೆ ನೋಡಿಬಿಡುತ್ತೇನೆಂದು ಭಯವಾಗಿ ಮುಖ ಬಿಟ್ಟು ಅವರ ಕೈಯನ್ನು ನೋಡುತ್ತಾ ನಿಂತೆ. ಸೂಜಿ ಚುಚ್ಚಿ ಪಟ್ಟಿ ಹಾಕಿದ ಬಲಗೈ. ಬಹಳ ಹೊತ್ತು ಅದು ಹಾಗೇ ಬಿದ್ದಿತ್ತು.

ಆಮೇಲೆ ಆ ಕೈ ಮೆಲ್ಲಗೆ ಹೊರಳಿತು. ಅಂಗೈ ಮೇಲಾಯಿತು. ಬೆರಳುಗಳು ತೆರೆದುಕೊಂಡು ನನ್ನ ಕಡೆ ಚಾಚಿದವು.

ಕೊಡಬೇಕೆಂದು ನಾನು ಮುಷ್ಟಿ ಮುಂದೆ ಮಾಡಿದೆ. ನನ್ನ ಬೆರಳು ಬಿಚ್ಚಲಿಲ್ಲ. ಬಿಚ್ಚಲು ಎಷ್ಟು ಹೆಣಗಿದರೂ ಆಗಲಿಲ್ಲ, ಹಿಡಿದೂ ಹಿಡಿದೂ ಮರಗಟ್ಟಿಹೋಗಿದ್ದವು. ನರ್ಸು ಬಂದು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಅಷ್ಟು ಹೊತ್ತೂ ಅವರು ಕೈ ಚಾಚಿಕೊಂಡೇ ಇದ್ದರು.